ಬೀರಬಲ್ ಸಾಹ್ನಿ

ಬೀರಬಲ್ ಸಾಹ್ನಿ (14 ನವೆಂಬರ್ 1891 – 10 ಏಪ್ರಿಲ್ 1949) ಭಾರತದ ಹೆಸರಾಂತ ಸಸ್ಯವಿಜ್ಞಾನಿ. ಭಾರತದಲ್ಲಿ ಪುರಾಸಸ್ಯವಿಜ್ಞಾನಕ್ಕೆ, ಅಂದರೆ ಪಳೆಯುಳಿಕೆಗಳಾಗಿ ಉಳಿದಿರುವ ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ, ಭದ್ರವಾದ ಬುನಾದಿ ಹಾಕಿದವರು. ಕಲ್ಲಿನಲ್ಲಿ ಉಳಿದ ಎಲೆ, ಕಾಂಡ, ಕಾಯಿಗಳ ರಚನೆಯನ್ನು ಸಸ್ಯವಿಜ್ಞಾನಿಯಾಗಿ ಅಭ್ಯಸಿಸಿದ ಸಾಹ್ನಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಸಸ್ಯ ಬೆಳೆದ ಕಾಲದಲ್ಲಿ ನೆಲ ಹೇಗಿತ್ತು, ಹವೆ ಹೇಗಿತ್ತು, ಸಮುದ್ರ ಎಲ್ಲಿತ್ತು, ಪರ್ವತಗಳು ಎಷ್ಟು ಎತ್ತರವಿದ್ದವು ಎಂಬ ಪ್ರಶ್ನೆಗಳಿಗೂ ಅದೇ ಪಳೆಯುಳಿಕೆಗಳಲ್ಲಿ ಉತ್ತರ ಹುಡುಕಿದರು. ಲಖನೌ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನ ವಿಭಾಗದ ಮೊದಲ ಪ್ರಾಧ್ಯಾಪಕರಾಗಿದ್ದ ಅವರು 1946ರಲ್ಲಿ ಅದೇ ನಗರದಲ್ಲಿ ಪುರಾಸಸ್ಯವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಆ ಸಂಸ್ಥೆ ಅವರ ಹೆಸರನ್ನೇ ಹೊತ್ತಿದೆ.

ಜನನ ಮತ್ತು ಬಾಲ್ಯ

ಸಾಹ್ನಿಯವರು ಅಂದಿನ ಪಶ್ಚಿಮ ಪಂಜಾಬಿನ ಶಾಹಪುರ ಜಿಲ್ಲೆಯ ಭೇರಾ ಎಂಬ ಊರಿನಲ್ಲಿ ಜನಿಸಿದರು. ಈಗ ಆ ಊರು ಪಾಕಿಸ್ತಾನದಲ್ಲಿದೆ. ಉಪ್ಪಿನ ಗಣಿಗಳಿಗೂ ಪಳೆಯುಳಿಕೆಗಳಿಗೂ ಹೆಸರಾದ ಸಾಲ್ಟ್ ರೇಂಜ್ ಬೆಟ್ಟಸಾಲು ಭೇರಾದಿಂದ ದೂರವಿಲ್ಲ. ಸಾಹ್ನಿಯವರ ಬಾಳಿನ ಕೊನೆಯ ದಶಕದ ದೊಡ್ಡ ವಿವಾದವೊಂದು ಇದೇ ಬೆಟ್ಟಸಾಲಿನ ಕುರಿತಾಗಿತ್ತು.

ತಂದೆ ರುಚಿರಾಮ್ ಸಾಹ್ನಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಈಶ್ವರದೇವಿ. ರುಚಿರಾಮರು ಬ್ರಹ್ಮಸಮಾಜದ ವಿಚಾರಗಳಿಗೆ ಒಲಿದವರು, ಪಂಜಾಬಿನ ಜನಸಾಮಾನ್ಯರಲ್ಲಿ ವಿಜ್ಞಾನ ಪ್ರಸಾರಕ್ಕಾಗಿ ದುಡಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ತೊಡಗಿಕೊಂಡವರು. ಐವತ್ತು ದಾಟಿದ ವಯಸ್ಸಿನಲ್ಲಿ ಇಂಗ್ಲೆಂಡಿಗೆ ತೆರಳಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಹಿರಿಮೆ ಅವರದು. ಇಂತಹ ಮನೆಯ ವಾತಾವರಣ ಮಕ್ಕಳ ಮೇಲೆ ಪ್ರಭಾವ ಬೀರಿತು. ಬೀರಬಲ್ ಅವರ ತಮ್ಮ ಎಂ. ಆರ್. ಸಾಹ್ನಿ ಭೂವಿಜ್ಞಾನಿಯಾದರು, ಮುಂದಿನ ತಲೆಮಾರಿನಲ್ಲಿ ಎಂ. ಆರ್. ಸಾಹ್ನಿಯವರ ಮಗ ಅಶೋಕ್ ಸಾಹ್ನಿ ಪ್ರಾಗ್ಜೀವವಿಜ್ಞಾನಿಯಾಗಿ ಪ್ರಸಿದ್ಧರಾದರು.

ಶಿಕ್ಷಣ

ಬೀರಬಲ್ ಅವರ ವಿದ್ಯಾಭ್ಯಾಸ ಲಾಹೋರಿನಲ್ಲಿ ನಡೆಯಿತು. ಸರ್ಕಾರಿ ಕಾಲೇಜಿನಲ್ಲಿ ಅವರಿಗೆ ಸಸ್ಯವಿಜ್ಞಾನ ಕಲಿಸಿದವರು ಹಾವಸೆ ಸಸ್ಯಗಳ ಅಧ್ಯಯನಕ್ಕೆ ಹೆಸರಾದ ಶಿವರಾಮ್ ಕಶ್ಯಪ್. ಸಸ್ಯಗಳನ್ನು ಅವು ಬೆಳೆಯುವ ನೆಲದಲ್ಲೇ ನೋಡಬೇಕೆಂಬ ಅಭ್ಯಾಸ ಸಾಹ್ನಿಯವರಿಗೆ ಎಳೆಯ ವಯಸ್ಸಿನಲ್ಲೇ ಬಂದಿತು. ಹಿಮಾಲಯದ ಕಾಲ್ನಡಿಗೆಯ ಪ್ರವಾಸಗಳು ಅವರ ಜೀವನದುದ್ದಕ್ಕೂ ಮುಂದುವರಿದವು.

1911ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಅದೇ ವರ್ಷ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಇಮ್ಯಾನ್ಯುಯೆಲ್ ಕಾಲೇಜನ್ನು ಸೇರಿದರು. ಅಲ್ಲಿ ಆಲ್ಬರ್ಟ್ ಚಾರ್ಲ್ಸ್ ಸೀವಾರ್ಡ್ ಅವರಿಗೆ ಗುರುಗಳಾದರು. ಸೀವಾರ್ಡ್ ಆ ಕಾಲದ ಅಗ್ರಗಣ್ಯ ಪುರಾಸಸ್ಯವಿಜ್ಞಾನಿ. ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ಕ್ಯಾಪ್ಟನ್ ಸ್ಕಾಟ್ ಅವರ ತಂಡವು ಕೊನೆಯವರೆಗೂ ಬಿಡದೆ ಹೊತ್ತು ತಂದಿದ್ದ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆಗಳಿದ್ದವು. ಅವುಗಳ ವಿವರಣೆಯನ್ನು ಸೀವಾರ್ಡ್ 1914ರಲ್ಲಿ ಪ್ರಕಟಿಸಿದಾಗ ಸಾಹ್ನಿಯವರು ಕೇಂಬ್ರಿಜ್‌ನಲ್ಲೇ ಇದ್ದರು. ಹಿಮದ ಖಂಡದಲ್ಲಿ ಸಿಕ್ಕ ಅದೇ ಬಗೆಯ ಎಲೆ ಭಾರತದ ಕಲ್ಲಿದ್ದಲ ಗಣಿಗಳಲ್ಲೂ ಸಿಗುತ್ತದೆ ಎಂಬ ಸಂಗತಿಯು ಮುಂದೆ ಸಾಹ್ನಿಯವರ ಚಿಂತನೆಯ ಮುಖ್ಯ ಎಳೆಗಳಲ್ಲಿ ಒಂದಾಯಿತು.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲೇ ಉಳಿದ ಅವರು ಜರೀಗಿಡಗಳು ಹಾಗೂ ಶಂಕುಧಾರಿ ಮರಗಳ ಅಂಗರಚನೆಯ ಮೇಲೆ ಸಂಶೋಧನೆ ನಡೆಸಿದರು. 1919ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. ಗುರುಶಿಷ್ಯರು ಸೇರಿ ಭಾರತದ ಗೊಂಡ್ವಾನ ಸಸ್ಯಗಳ ಹಳೆಯ ಸಂಗ್ರಹಗಳನ್ನು ಮರುಪರಿಶೀಲಿಸಿ ರಚಿಸಿದ ಗ್ರಂಥ 1920ರಲ್ಲಿ ಪ್ರಕಟವಾಯಿತು. ಭಾರತದ ವಿದ್ಯಾರ್ಥಿಗಳು ಬಹುಕಾಲ ಬಳಸಿದ ಲೋಸನ್ನರ ಸಸ್ಯವಿಜ್ಞಾನ ಪಠ್ಯಪುಸ್ತಕದ ಭಾರತೀಯ ಆವೃತ್ತಿಯನ್ನು ಪರಿಷ್ಕರಿಸುವ ಕೆಲಸದಲ್ಲೂ ಸಾಹ್ನಿಯವರ ಪಾಲಿತ್ತು.

ಅಧ್ಯಾಪನ ಮತ್ತು ಕುಟುಂಬ

1919ರಲ್ಲಿ ಸ್ವದೇಶಕ್ಕೆ ಮರಳಿದ ಸಾಹ್ನಿಯವರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಬಳಿಕ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿಯೂ ಸ್ವಲ್ಪ ಕಾಲ ಬೋಧಿಸಿದರು. 1921ರಲ್ಲಿ ಹೊಸದಾಗಿ ಆರಂಭವಾಗಿದ್ದ ಲಖನೌ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಜೀವನದ ಕೊನೆಯವರೆಗೂ ಲಖನೌ ಅವರ ಕಾರ್ಯಕ್ಷೇತ್ರವಾಯಿತು. ಎ. ಆರ್. ರಾವ್, ಆರ್. ವಿ. ಸಿಥೋಲೆ, ಜಿ. ಎಸ್. ಪುರಿ, ಕೆ. ಆರ್. ಸುರಂಗೆ ಮೊದಲಾದವರು ಅವರ ಮಾರ್ಗದರ್ಶನದಲ್ಲಿ ಬೆಳೆದರು. ಸಸ್ಯವಿಜ್ಞಾನ ಮತ್ತು ಭೂವಿಜ್ಞಾನಗಳನ್ನು ಒಟ್ಟಿಗೆ ಕಲಿಯದೆ ಪಳೆಯುಳಿಕೆಗಳನ್ನು ಅರಿಯಲಾಗದು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. 1943ರಲ್ಲಿ ಲಖನೌ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ವಿಭಾಗ ಆರಂಭವಾಗಲು ಅವರ ಪ್ರಯತ್ನವೇ ಕಾರಣ.

1920ರಲ್ಲಿ ಅವರು ಸಾವಿತ್ರಿಯವರನ್ನು ವಿವಾಹವಾದರು. ಸಾವಿತ್ರಿಯವರು ಪಂಜಾಬಿನ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಸುಂದರದಾಸ್ ಸೂರಿ ಅವರ ಮಗಳು. ಪ್ರವಾಸಗಳಲ್ಲಿಯೂ ಸಂಶೋಧನೆಯ ಕೆಲಸಗಳಲ್ಲಿಯೂ ಪತಿಗೆ ಜೊತೆಯಾಗಿದ್ದ ಅವರು, ಮುಂದೆ ಸಂಸ್ಥೆಯ ಉಳಿವಿಗೇ ಆಧಾರವಾದರು.

ಸಸ್ಯ ಪಳೆಯುಳಿಕೆಗಳು ಮತ್ತು ಅಧ್ಯಯನದ ವಿಧಾನ

ಸಾಹ್ನಿಯವರ ಸಂಶೋಧನೆಗಳನ್ನು ಅರಿಯಲು ಸಸ್ಯಗಳು ಕಲ್ಲಿನಲ್ಲಿ ಉಳಿಯುವ ಬಗೆಯನ್ನು ತಿಳಿಯಬೇಕು. ಕೆರೆ ಅಥವಾ ನದಿಯ ಕೆಸರಿನಲ್ಲಿ ಹೂತುಹೋದ ಎಲೆಯು ಮೇಲಿನ ಪದರಗಳ ಭಾರಕ್ಕೆ ಒತ್ತಲ್ಪಟ್ಟು ಕಲ್ಲಿನ ಮೇಲೆ ಅಚ್ಚಾಗಿ ಉಳಿಯಬಹುದು. ಇಂತಹ ಅಚ್ಚಿನಲ್ಲಿ ಎಲೆಯ ಆಕಾರ, ನರಗಳ ವಿನ್ಯಾಸ ಕಾಣುತ್ತವೆ, ಒಳರಚನೆ ಕಾಣುವುದಿಲ್ಲ. ಸಿಲಿಕದಂತಹ ಖನಿಜ ಕರಗಿದ ನೀರು ಸಸ್ಯದ ಅಂಗಾಂಶಗಳೊಳಗೆ ಇಳಿದು ಗಟ್ಟಿಯಾದರೆ ಇಡೀ ಕಾಂಡ ಅಥವಾ ಕಾಯಿಯು ಜೀವಕೋಶಗಳ ರಚನೆಯ ಸಮೇತ ಕಲ್ಲಾಗುತ್ತದೆ. ಅಂತಹ ಕಲ್ಲನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಟ್ಯಂತರ ವರ್ಷ ಹಿಂದಿನ ಜೀವಕೋಶಗಳನ್ನು ನೋಡಬಹುದು.

ಸಸ್ಯವು ಇದ್ದ ಜಾಗದಿಂದ ಕದಲಲಾರದು. ತನಗೆ ಒಗ್ಗುವ ಬಿಸಿಲು, ಮಳೆ, ಮಣ್ಣು ಇರುವಲ್ಲಿ ಮಾತ್ರ ಅದು ಬೆಳೆಯುತ್ತದೆ. ಆದ್ದರಿಂದ ಸಸ್ಯದ ಪಳೆಯುಳಿಕೆಯು ಅಂದಿನ ಪರಿಸರಕ್ಕೆ ಒಳ್ಳೆಯ ಸಾಕ್ಷಿಯಾಗುತ್ತದೆ. ಕಾಂಡದಲ್ಲಿ ವಾರ್ಷಿಕ ಉಂಗುರಗಳು ಸ್ಪಷ್ಟವಾಗಿದ್ದರೆ ಋತುಗಳ ವ್ಯತ್ಯಾಸ ತೀವ್ರವಾಗಿತ್ತೆಂದೂ, ತಾಳೆ ಜಾತಿಯ ಮರಗಳಿದ್ದರೆ ಹವೆ ಬೆಚ್ಚಗಿತ್ತೆಂದೂ, ನೀರಿನಲ್ಲಿ ತೇಲುವ ಜರೀಗಿಡಗಳಿದ್ದರೆ ಅಲ್ಲಿ ಸಿಹಿನೀರು ನಿಂತಿತ್ತೆಂದೂ ಊಹಿಸಬಹುದು. ಆದರೆ ಸಸ್ಯದ ತುಣುಕು ನೀರಿನಲ್ಲಿ ತೇಲಿ ಅಥವಾ ಗಾಳಿಯಲ್ಲಿ ಹಾರಿ ಬೇರೆಡೆ ಸೇರಿರುವ ಸಾಧ್ಯತೆಯೂ ಇರುತ್ತದೆ. ಈ ವಿಧಾನದ ಬಲ ಹಾಗೂ ಅಪಾಯ ಎರಡೂ ಸಾಹ್ನಿಯವರ ಸಂಶೋಧನೆಗಳಲ್ಲಿ ಕಾಣಸಿಗುತ್ತವೆ.

ರಾಜಮಹಲ್ ಬೆಟ್ಟಗಳ ಸಸ್ಯಗಳು

ಇಂದಿನ ಜಾರ್ಖಂಡ್ ರಾಜ್ಯದ ರಾಜಮಹಲ್ ಬೆಟ್ಟಗಳಲ್ಲಿ ಲಾವಾ ಪದರಗಳ ನಡುವೆ ಸಸ್ಯ ಪಳೆಯುಳಿಕೆಗಳು ಹೇರಳವಾಗಿವೆ. ಪಳೆಯುಳಿಕೆಗಳ ಅಧ್ಯಯನದಲ್ಲಿ ಒಂದು ದೊಡ್ಡ ತೊಡಕೆಂದರೆ ಸಸ್ಯದ ಭಾಗಗಳು ಬಿಡಿಬಿಡಿಯಾಗಿ ದೊರೆಯುವುದು. ಎಲೆಗೊಂದು, ಕಾಂಡಕ್ಕೊಂದು, ಹೂವಿಗೊಂದು ಬೇರೆ ಬೇರೆ ಹೆಸರು ಇಡಬೇಕಾಗುತ್ತದೆ. ಸಾಹ್ನಿಯವರು 1932ರಲ್ಲಿ ಹೀಗೆ ಬಿಡಿಯಾಗಿದ್ದ ಕಾಂಡ, ಎಲೆ ಮತ್ತು ಹೂಗಳು ಒಂದೇ ಸಸ್ಯಕ್ಕೆ ಸೇರಿದವೆಂದು ಅಂಗರಚನೆಯ ಆಧಾರದಿಂದ ತೋರಿಸಿ, ವಿಲಿಯಮ್ಸೋನಿಯ ಸೀವಾರ್ಡಿಯಾನ ಎಂಬ ಸಸ್ಯದ ಸಂಪೂರ್ಣ ಸ್ವರೂಪವನ್ನು ಕಟ್ಟಿಕೊಟ್ಟರು. ಹೆಸರಿನ ಎರಡನೆಯ ಭಾಗ ಗುರು ಸೀವಾರ್ಡ್ ಅವರ ಗೌರವಾರ್ಥ. ನೋಡಲು ಸೈಕಾಸ್ ಗಿಡವನ್ನು ಹೋಲುವ, ಆದರೆ ಅದಕ್ಕಿಂತ ಭಿನ್ನವಾದ, ಈಗ ಸಂಪೂರ್ಣವಾಗಿ ಅಳಿದಿರುವ ಗುಂಪಿನ ಸಸ್ಯವಿದು. ಸಾಹ್ನಿಯವರು ರೂಪಿಸಿದ ಇದರ ಚಿತ್ರವು ಇಂದಿಗೂ ಸಸ್ಯವಿಜ್ಞಾನದ ಪಠ್ಯಪುಸ್ತಕಗಳಲ್ಲಿದೆ.

ಇದೇ ಬೆಟ್ಟಗಳ ನಿಪಾನಿಯ ಎಂಬ ಹಳ್ಳಿಯ ಕಲ್ಲುಗಳಿಂದ ಅವರು ಇನ್ನೂ ಮಹತ್ವದ ಶೋಧವೊಂದನ್ನು ಮಾಡಿದರು. ಅಲ್ಲಿ ದೊರೆತ ಕಾಂಡದ ಅಡ್ಡಸೀಳಿನಲ್ಲಿ ಸಾಮಾನ್ಯವಾಗಿ ಐದು ಪ್ರತ್ಯೇಕ ಕಟ್ಟಿಗೆಯ ಭಾಗಗಳು ಉಂಗುರಾಕಾರದಲ್ಲಿ ಜೋಡಿಕೊಂಡಿದ್ದವು. ಈ ಲಕ್ಷಣದಿಂದಲೇ ಅದಕ್ಕೆ ಪೆಂಟಾಕ್ಸೈಲಾನ್ ಎಂಬ ಹೆಸರು ಬಂದಿತು. ಇದರ ಲಕ್ಷಣಗಳು ಆಗ ತಿಳಿದಿದ್ದ ಯಾವ ಅನಾವೃತ ಬೀಜ ಸಸ್ಯಗುಂಪಿಗೂ ಪೂರ್ತಿಯಾಗಿ ಹೊಂದುತ್ತಿರಲಿಲ್ಲ. 1948ರಲ್ಲಿ ಸಾಹ್ನಿಯವರು ಇವುಗಳನ್ನು ಪೆಂಟಾಕ್ಸೈಲೀ ಎಂಬ ಹೊಸ ಗುಂಪೆಂದು ಘೋಷಿಸಿದರು. ಅವರ ಮರಣಾನಂತರ ಈ ಗುಂಪಿನ ಪುಷ್ಪಭಾಗಕ್ಕೆ ಸಾಹ್ನಿಯ ಎಂಬ ಹೆಸರನ್ನೇ ಇಡಲಾಯಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿಯೂ ಇದೇ ಗುಂಪಿನ ಪಳೆಯುಳಿಕೆಗಳು ಬಳಿಕ ದೊರೆತವು. ಸಾಹ್ನಿಯವರು ಈ ಪದರಗಳನ್ನು ಜುರಾಸಿಕ್ ಯುಗದವೆಂದು ಪರಿಗಣಿಸಿದ್ದರು. ಈಗ ಅವು ಅದರ ನಂತರದ ಕ್ರಿಟೇಷಿಯಸ್ ಯುಗದ ಪೂರ್ವಾರ್ಧಕ್ಕೆ ಸೇರಿದವೆಂದು ತಿಳಿದುಬಂದಿದೆ.

ಗೊಂಡ್ವಾನ ಮತ್ತು ಭೂಖಂಡಗಳ ಅಲೆತ

ಸುಮಾರು 30 ರಿಂದ 25 ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಯುಗದಲ್ಲಿ ನಾಲಿಗೆಯ ಆಕಾರದ ಎಲೆಗಳುಳ್ಳ ಗ್ಲಾಸಾಪ್ಟೆರಿಸ್ ಮರಗಳು ಭಾರತದಲ್ಲಿ ವ್ಯಾಪಕವಾಗಿದ್ದವು. ರಾಣಿಗಂಜ್, ಝರಿಯಾ ಮೊದಲಾದ ಕಡೆಗಳ ಕಲ್ಲಿದ್ದಲು ಆ ಕಾಲದ ಕಾಡುಗಳಿಂದ ರೂಪುಗೊಂಡಿದೆ. ಇದೇ ಸಸ್ಯವು ಆಫ್ರಿಕಾ, ದಕ್ಷಿಣ ಅಮೆರಿಕಾ, ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾಗಳಲ್ಲಿಯೂ ದೊರೆಯುತ್ತದೆ. ಸಾಗರಗಳಿಂದ ಬೇರ್ಪಟ್ಟ ಇಷ್ಟು ದೂರದ ನೆಲಗಳಲ್ಲಿ ಒಂದೇ ಬಗೆಯ ಕಾಡು ಬೆಳೆದದ್ದು ಹೇಗೆ ಎಂಬುದು ಅಂದಿನ ದೊಡ್ಡ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಸಾಹ್ನಿಯವರು ಇನ್ನೊಂದು ಪ್ರಶ್ನೆಯನ್ನು ಜೋಡಿಸಿದರು. ಭಾರತದ ಗ್ಲಾಸಾಪ್ಟೆರಿಸ್ ಸಸ್ಯವರ್ಗಕ್ಕೂ ಚೀನಾ ಹಾಗೂ ಸುಮಾತ್ರಾಗಳ ಜೈಗ್ಯಾಂಟಾಪ್ಟೆರಿಸ್ ಸಸ್ಯವರ್ಗಕ್ಕೂ ಹೋಲಿಕೆ ಬಹಳ ಕಡಿಮೆ. ಆದರೆ ಭೂಪಟದಲ್ಲಿ ಈ ಎರಡರ ನೆಲೆಗಳು ಇಂದು ಅಕ್ಕಪಕ್ಕದಲ್ಲಿವೆ. ಒಂದೇ ಕಾಲದಲ್ಲಿ ಇಷ್ಟು ಹತ್ತಿರದಲ್ಲಿ ಬೆಳೆದ ಕಾಡುಗಳು ಇಷ್ಟೊಂದು ಭಿನ್ನವಾಗಿರುವುದು ಸಹಜವಲ್ಲ. ಅಂದು ಇವೆರಡರ ನಡುವೆ ಟೆಥಿಸ್ ಎಂಬ ವಿಶಾಲ ಸಮುದ್ರವಿತ್ತೆಂದೂ, ಭೂಭಾಗಗಳು ಚಲಿಸಿ ಹತ್ತಿರ ಬಂದುದರಿಂದ ಬೇರೆ ಬೇರೆ ಹವೆಯ ಕಾಡುಗಳ ಅವಶೇಷಗಳು ಈಗ ನೆರೆಹೊರೆಯಾಗಿವೆಯೆಂದೂ ಸಾಹ್ನಿಯವರು ವಾದಿಸಿದರು. ಹೀಗೆ ದೂರದ ನೆಲಗಳ ಸಾಮ್ಯ ಮತ್ತು ಹತ್ತಿರದ ನೆಲಗಳ ಭೇದ ಎರಡೂ ಒಂದೇ ಸಿದ್ಧಾಂತದತ್ತ ಕೈತೋರಿದವು.

ಆಲ್‌ಫ್ರೆಡ್ ವೆಗನರ್ ಮಂಡಿಸಿದ್ದ ಭೂಖಂಡಗಳ ಅಲೆತದ ಸಿದ್ಧಾಂತವನ್ನು ಸಾಹ್ನಿಯವರು 1936ರ ಲೇಖನವೊಂದರಲ್ಲಿ ಪುರಾಸಸ್ಯವಿಜ್ಞಾನದ ಆಧಾರಗಳ ಮೇಲೆ ಪರಿಶೀಲಿಸಿದರು. ಅಂದು ಬಹುಪಾಲು ಭೂವಿಜ್ಞಾನಿಗಳು ಈ ಸಿದ್ಧಾಂತವನ್ನು ಒಪ್ಪಿರಲಿಲ್ಲ. 1960ರ ದಶಕದಲ್ಲಿ ಭೂಫಲಕಗಳ ಚಲನೆಯ ಸಿದ್ಧಾಂತ ರೂಪುಗೊಂಡ ಬಳಿಕವೇ ಭೂಖಂಡಗಳು ಸರಿಯುತ್ತವೆ ಎಂಬುದು ಸಾರ್ವತ್ರಿಕವಾಗಿ ಒಪ್ಪಿತವಾಯಿತು. ಆ ವೇಳೆಗೆ ಸಾಹ್ನಿಯವರು ತೀರಿಕೊಂಡು ಒಂದು ದಶಕ ಕಳೆದಿತ್ತು.

ದಖ್ಖನ್ ಲಾವಾ ಪದರಗಳ ವಯಸ್ಸು

ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಹಾಗೂ ಉತ್ತರ ಕರ್ನಾಟಕದ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಮೊದಲಾದ ಜಿಲ್ಲೆಗಳ ಭಾಗಗಳಲ್ಲಿ ಹರಡಿರುವ ಕಪ್ಪು ಶಿಲೆಯ ಹಾಸು ಪ್ರಾಚೀನ ಲಾವಾ ಪ್ರವಾಹಗಳಿಂದ ಉಂಟಾದದ್ದು. ಲಾವಾ ಒಮ್ಮೆಗೇ ಹರಿಯಲಿಲ್ಲ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆಗಳು ತುಂಬಿದವು, ಮರಗಿಡಗಳು ಬೆಳೆದವು. ಮುಂದಿನ ಲಾವಾ ಹರಿದು ಅವೆಲ್ಲವನ್ನೂ ಮುಚ್ಚಿತು. ಹೀಗೆ ಲಾವಾ ಹಾಸುಗಳ ನಡುವೆ ಸಿಕ್ಕಿಕೊಂಡ ಕೆಸರಿನ ಪದರಗಳಲ್ಲಿ ಸಸ್ಯಗಳು ಕಲ್ಲಾಗಿ ಉಳಿದಿವೆ.

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೋಹಗಾಂವ್ ಕಲಾನ್ ಮತ್ತು ಸುತ್ತಮುತ್ತಲ ಪ್ರದೇಶದ ಇಂತಹ ಪದರಗಳನ್ನು ಸಾಹ್ನಿಯವರು ಅಭ್ಯಸಿಸಿದರು. ಅಲ್ಲಿ ತಾಳೆ ಜಾತಿಯ ಕಾಂಡಗಳು, ನೀರಿನ ಮೇಲೆ ತೇಲುವ ಅಜೋಲಾ, ಸಿಹಿನೀರಿನ ಪಾಚಿಗಳು, ಹಲವು ಬಗೆಯ ಕಾಯಿಗಳು ದೊರೆತವು. ಕಡಲಂಚಿನ ಜೌಗಿನಲ್ಲಿ ಬೆಳೆಯುವ ನೀಪಾ ಎಂಬ ತಾಳೆಯನ್ನು ಹೋಲುವ ಕಾಯಿಯೂ ಅವುಗಳಲ್ಲಿತ್ತು. ಇಂದು ಸಮುದ್ರದಿಂದ ನೂರಾರು ಕಿಲೋಮೀಟರ್ ದೂರವಿರುವ ಮಧ್ಯಭಾರತದ ಸಮೀಪಕ್ಕೆ ಅಂದು ಸಮುದ್ರದ ಚಾಚು ಬಂದಿರಬಹುದೆಂಬ ಊಹೆಗೆ ಇದು ಎಡೆಮಾಡಿತು.

ಆ ಲಾವಾ ಹರಿದದ್ದು ಯಾವಾಗ ಎಂಬುದು ಅಂದಿನ ತೀವ್ರ ಚರ್ಚೆಯ ವಿಷಯವಾಗಿತ್ತು. ಕ್ರಿಟೇಷಿಯಸ್ ಯುಗದಲ್ಲಿ ಎಂಬುದು ಅಂದು ಹಲವರ ನಂಬಿಕೆ. ತಾಳೆಗಳ ಬಾಹುಳ್ಯ ಹಾಗೂ ಅಜೋಲಾ ಮುಂತಾದವುಗಳ ಇರುವಿಕೆಯಿಂದ ಲಾವಾ ಅದಕ್ಕಿಂತ ಈಚಿನದು, ಟರ್ಷಿಯರಿ ಕಾಲದ್ದು ಎಂದು ಸಾಹ್ನಿಯವರು ತೀರ್ಮಾನಿಸಿದರು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1934ರಲ್ಲಿ ಈ ವಾದವನ್ನು ಮಂಡಿಸಿದರು. 1940ರಲ್ಲಿ ಮದ್ರಾಸಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣಕ್ಕೂ ಇದನ್ನೇ ವಿಷಯವಾಗಿ ಆರಿಸಿಕೊಂಡರು. ವಿಕಿರಣಶೀಲ ಧಾತುಗಳ ಆಧಾರದಿಂದ ಶಿಲೆಗಳ ವಯಸ್ಸನ್ನು ಅಳೆಯುವ ವಿಧಾನಗಳು ಬಂದ ಮೇಲೆ, ಲಾವಾ ಪ್ರವಾಹದ ಮುಖ್ಯ ಹಂತವು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಎರಡೂ ಯುಗಗಳ ಗಡಿಯ ಆಸುಪಾಸಿನಲ್ಲೇ ನಡೆಯಿತೆಂದು ತಿಳಿದುಬಂದಿತು. ಡೈನೋಸಾರ್‌ಗಳು ಅಳಿದದ್ದೂ ಇದೇ ಗಡಿಯಲ್ಲಿ. ಈ ಕಾರಣದಿಂದ ದಖ್ಖನ್ ಪದರಗಳ ಅಧ್ಯಯನಕ್ಕೆ ಇಂದು ಜಾಗತಿಕ ಮಹತ್ವ ಬಂದಿದೆ.

ಹಿಮಾಲಯದ ಏರಿಕೆ

ಕಾಶ್ಮೀರ ಕಣಿವೆಯಲ್ಲಿ ಕರೇವಾ ಎಂದು ಕರೆಯುವ ದಿಣ್ಣೆಗಳಿವೆ. ಅವು ಪ್ರಾಚೀನ ಸರೋವರವೊಂದರ ತಳದಲ್ಲಿ ಕೂಡಿಕೊಂಡ ಮಣ್ಣಿನ ಪದರಗಳು. ಪೀರ್ ಪಂಜಾಲ್ ಬೆಟ್ಟಗಳ ಇಳಿಜಾರಿನಲ್ಲಿ ಈ ಪದರಗಳು ಇಂದಿನ ಸರೋವರಗಳಿಗಿಂತ ಎಷ್ಟೋ ಎತ್ತರದಲ್ಲಿವೆ. ಅಲ್ಲಿ ಓಕ್ ಮರಗಳ ಎಲೆಗಳೂ, ಇಂದು ವೂಲರ್ ಸರೋವರದಲ್ಲಿ ಬೆಳೆಯುವ ಸಿಂಘಾಡೆಯ ಜಾತಿಗೆ ಸೇರಿದ ಕಾಯಿಗಳೂ ಪಳೆಯುಳಿಕೆಗಳಾಗಿ ದೊರೆತಿವೆ. ತಗ್ಗಿನ ನೀರಿನಲ್ಲಿ ಬೆಳೆದ ಸಸ್ಯವು ಬೆಟ್ಟದ ಮೇಲೆ ಸಿಕ್ಕಬೇಕಾದರೆ ಆ ನೆಲವೇ ಮೇಲೆದ್ದಿರಬೇಕು. ಪದರಗಳು ಭೂವೈಜ್ಞಾನಿಕ ದೃಷ್ಟಿಯಿಂದ ಈಚಿನವಾದ್ದರಿಂದ, ಮಾನವನು ಭೂಮಿಯ ಮೇಲೆ ಕಾಣಿಸಿಕೊಂಡ ನಂತರವೂ ಹಿಮಾಲಯವು ಗಣನೀಯವಾಗಿ ಏರಿದೆ ಎಂದು ಸಾಹ್ನಿಯವರು 1936ರಲ್ಲಿ ಪ್ರತಿಪಾದಿಸಿದರು. ಪರ್ವತಗಳ ಈ ಏರಿಕೆಯು ಪ್ರಾಚೀನ ಮಾನವರ ಓಡಾಟದ ಮೇಲೆ ಬೀರಿರಬಹುದಾದ ಪರಿಣಾಮವನ್ನೂ ಅವರು ಚರ್ಚಿಸಿದರು.

ಸಾಲ್ಟ್ ರೇಂಜ್ ವಿವಾದ

ಸಾಲ್ಟ್ ರೇಂಜ್ ಬೆಟ್ಟಗಳಲ್ಲಿ ಉಪ್ಪಿನ ಪದರಗಳ ಮೇಲೆ ಕೇಂಬ್ರಿಯನ್ ಯುಗದ ಶಿಲೆಗಳಿವೆ. ಕೆಳಗಿರುವುದು ಹಳೆಯದು ಎಂಬ ಸಾಮಾನ್ಯ ನಿಯಮದಂತೆ ಉಪ್ಪು 50 ಕೋಟಿ ವರ್ಷಗಳಿಗಿಂತ ಹಳೆಯದಾಗಿರಬೇಕು. ಸಾಹ್ನಿಯವರು ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಉಪ್ಪನ್ನೂ ಅದರ ಜೊತೆಗಿನ ಶಿಲೆಗಳನ್ನೂ ಕರಗಿಸಿ ಪರೀಕ್ಷಿಸಿದಾಗ ಕಟ್ಟಿಗೆಯ ಸೂಕ್ಷ್ಮ ಚೂರುಗಳು, ಎಲೆಯ ಹೊರಪೊರೆ, ಕೀಟಗಳ ಅವಶೇಷಗಳು ಕಂಡವು. ಕೇಂಬ್ರಿಯನ್ ಯುಗದಲ್ಲಿ ನೆಲದ ಮೇಲೆ ಮರಗಳೇ ಇರಲಿಲ್ಲ. ಆದ್ದರಿಂದ ಉಪ್ಪು ಬಹಳ ಈಚಿನ ಇಯೋಸೀನ್ ಕಾಲದ್ದೆಂದೂ, ಭೂಚಲನೆಯಿಂದ ಹಳೆಯ ಶಿಲೆಗಳು ಜಾರಿ ಬಂದು ಅದರ ಮೇಲೆ ಕುಳಿತಿವೆಯೆಂದೂ ಸಾಹ್ನಿಯವರು ವಾದಿಸಿದರು. ಬೆಟ್ಟಗಳನ್ನು ವಿವರವಾಗಿ ಸಮೀಕ್ಷಿಸಿದ್ದ ಭೂವಿಜ್ಞಾನಿ ಇ. ಆರ್. ಜೀ, ಪದರಗಳ ಸಹಜ ಕ್ರಮವನ್ನು ಆಧರಿಸಿ ಉಪ್ಪು ಹಳೆಯದೇ ಎಂಬ ನಿಲುವಿಗೆ ಬಂದರು. ಈ ಕುರಿತು 1944 ಮತ್ತು 1945ರಲ್ಲಿ ವಿಚಾರಗೋಷ್ಠಿಗಳೇ ನಡೆದವು.

ಹೊರಗಿನ ಧೂಳು ಸೇರದಂತೆ ಸಾಹ್ನಿಯವರು ಎಚ್ಚರ ವಹಿಸಿದ್ದರು. ಆದರೂ ಕಾಲಾನಂತರದ ಸಾಕ್ಷ್ಯಗಳು ಅವರ ವಿರುದ್ಧವಾಗಿ ನಿಂತವು. ಉಪ್ಪಿನ ಪದರಗಳು ಕೇಂಬ್ರಿಯನ್ ಯುಗದ ಆರಂಭ ಅಥವಾ ಅದಕ್ಕೂ ಸ್ವಲ್ಪ ಹಿಂದಿನವೆಂಬುದು ಈಗ ಒಪ್ಪಿತವಾಗಿದೆ. ಸುಲಭವಾಗಿ ಕರಗಿ ಮತ್ತೆ ಗಟ್ಟಿಯಾಗುವ ಉಪ್ಪಿನಂತಹ ವಸ್ತುವಿನೊಳಗೆ ಈಚಿನ ಸಸ್ಯಕಣಗಳು ಹೊರಗಿನಿಂದ ಸೇರಿರುವ ಸಾಧ್ಯತೆ ಹೆಚ್ಚು. ಸೂಕ್ಷ್ಮ ಪಳೆಯುಳಿಕೆಯೊಂದು ದೊರೆತರೆ ಸಾಲದು, ಅದು ಆ ಪದರದ್ದೇ ಹೌದೇ ಎಂಬುದನ್ನು ಮೊದಲು ನಿರ್ಧರಿಸಬೇಕು ಎಂಬುದಕ್ಕೆ ಈ ವಿವಾದವು ಉದಾಹರಣೆಯಾಗಿ ಉಳಿದಿದೆ.

ನಾಣ್ಯಶಾಸ್ತ್ರ

1936ರಲ್ಲಿ ರೋಹ್ತಕ್ ಬಳಿಯ ಖೋಕ್ರಾ ಕೋಟ್ ದಿಬ್ಬದಲ್ಲಿ ಸಾಹ್ನಿಯವರಿಗೆ ಸುಮಾರು 2000 ವರ್ಷ ಹಿಂದಿನ ಯೌಧೇಯರ ನಾಣ್ಯಗಳನ್ನು ಎರಕ ಹೊಯ್ಯುತ್ತಿದ್ದ ಜೇಡಿಮಣ್ಣಿನ ಅಚ್ಚುಗಳು ದೊರೆತವು. ಪ್ರಾಚೀನ ಭಾರತದಲ್ಲಿ ನಾಣ್ಯಗಳನ್ನು ಎರಕ ಹೊಯ್ಯುವ ತಂತ್ರದ ಬಗ್ಗೆ ಅವರು ಬರೆದ ಗ್ರಂಥ 1945ರಲ್ಲಿ ಪ್ರಕಟವಾಯಿತು. ಇದಕ್ಕಾಗಿ ಭಾರತೀಯ ನಾಣ್ಯಶಾಸ್ತ್ರ ಸಂಘದ ನೆಲ್ಸನ್ ರೈಟ್ ಪದಕ ಅವರಿಗೆ ಸಂದಿತು.

ಗೌರವಗಳು

1929ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಸಾಹ್ನಿಯವರಿಗೆ ವಿಜ್ಞಾನದ ಉನ್ನತ ಡಾಕ್ಟರೇಟ್ ಪದವಿ ನೀಡಿತು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅದೇ ವರ್ಷ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಬಾರ್ಕ್ಲೇ ಪದಕ ದೊರೆಯಿತು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಸಸ್ಯವಿಜ್ಞಾನ ಹಾಗೂ ಭೂವಿಜ್ಞಾನ ಎರಡೂ ವಿಭಾಗಗಳ ಅಧ್ಯಕ್ಷರಾಗಿದ್ದ ಅವರು ಎರಡು ಬಾರಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 1950ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಕಾಂಗ್ರೆಸ್ಸಿನ ಗೌರವಾಧ್ಯಕ್ಷರಾಗಿ ಆಯ್ಕೆಯಾಗಿದ್ದರು.

ಸಂಸ್ಥೆಯ ಸ್ಥಾಪನೆ ಮತ್ತು ನಿಧನ

ದೇಶದ ಪುರಾಸಸ್ಯವಿಜ್ಞಾನಿಗಳ ಕೆಲಸವನ್ನು ಒಗ್ಗೂಡಿಸುವ ಪ್ರಯತ್ನ 1939ರಲ್ಲಿ ಸಾಹ್ನಿಯವರ ನೇತೃತ್ವದಲ್ಲಿ ಆರಂಭವಾಯಿತು. 1946ರಲ್ಲಿ ಪುರಾಸಸ್ಯವಿಜ್ಞಾನ ಸಂಘ ಸ್ಥಾಪನೆಯಾಗಿ, ಅದರ ಆಶ್ರಯದಲ್ಲಿ ಅದೇ ವರ್ಷದ ಸೆಪ್ಟೆಂಬರ್ 10ರಂದು ಸಂಸ್ಥೆ ಆರಂಭಗೊಂಡಿತು. ಸಾಹ್ನಿ ದಂಪತಿಗಳು ತಮ್ಮ ಪಳೆಯುಳಿಕೆಗಳ ಸಂಗ್ರಹ ಮತ್ತು ಗ್ರಂಥಗಳನ್ನು ಸಂಸ್ಥೆಗೆ ನೀಡಿದರು. ಮೊದಲಿಗೆ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನ ವಿಭಾಗದಲ್ಲೇ ಇದ್ದ ಸಂಸ್ಥೆಯು 1948ರಲ್ಲಿ ಸ್ವಂತ ನೆಲೆಗೆ ಬಂದಿತು.

ಹೊಸ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದರು. ಆ ಅಡಿಗಲ್ಲು ಸಾಮಾನ್ಯ ಕಲ್ಲಾಗಿರಲಿಲ್ಲ. ಜಗತ್ತಿನ ವಿವಿಧ ಭಾಗಗಳ ಪಳೆಯುಳಿಕೆಗಳನ್ನು ಅದರಲ್ಲಿ ಹುದುಗಿಸಲಾಗಿತ್ತು. ಒಂದು ವಾರದ ನಂತರ, ಏಪ್ರಿಲ್ 10ರಂದು, ಸಾಹ್ನಿಯವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 57 ವರ್ಷ. ಅವರ ಸಮಾಧಿ ಸಂಸ್ಥೆಯ ಆವರಣದಲ್ಲೇ ಇದೆ.

ಸ್ಥಾಪಕರನ್ನು ಇಷ್ಟು ಬೇಗ ಕಳೆದುಕೊಂಡ ಸಂಸ್ಥೆ ನಿಲ್ಲುವುದೇ ಎಂಬ ಆತಂಕ ಸಹಜವಾಗಿತ್ತು. ಸಾವಿತ್ರಿ ಸಾಹ್ನಿಯವರು ಅಧ್ಯಕ್ಷತೆಯ ಹೊಣೆ ಹೊತ್ತು ಕಟ್ಟಡವನ್ನು ಪೂರ್ಣಗೊಳಿಸಿದರು. 1953ರ ಜನವರಿಯಲ್ಲಿ ನೆಹರೂ ಅವರೇ ಅದನ್ನು ಉದ್ಘಾಟಿಸಿದರು. ಸಾವಿತ್ರಿಯವರಿಗೆ 1969ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಪರಂಪರೆ

ಸಂಸ್ಥೆಯು ಈಗ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಸ್ವಾಯತ್ತ ಸಂಸ್ಥೆಯಾಗಿ ಕಾರ್ಯನಿರ್ವಹಿಸುತ್ತಿದೆ. ಪರಾಗಕಣಗಳು, ಮರದ ಉಂಗುರಗಳು, ಸರೋವರಗಳ ತಳದ ಕೆಸರು ಇವುಗಳ ಮೂಲಕ ಗತಕಾಲದ ಮುಂಗಾರು ಮತ್ತು ಹವಾಮಾನದ ಏರಿಳಿತಗಳನ್ನು ಅಲ್ಲಿ ಅಧ್ಯಯನ ಮಾಡಲಾಗುತ್ತದೆ. ಭಾರತೀಯ ಸಸ್ಯವಿಜ್ಞಾನ ಸಂಘವು ಸಾಹ್ನಿಯವರ ಹೆಸರಿನಲ್ಲಿ ಪದಕವನ್ನು ನೀಡುತ್ತಿದೆ.

ಸಾಹ್ನಿಯವರ ನಿರ್ಣಯಗಳಲ್ಲಿ ಭೂಖಂಡಗಳ ಅಲೆತದ ಕುರಿತಾದುದು ಕಾಲದ ಪರೀಕ್ಷೆಯಲ್ಲಿ ಗೆದ್ದಿತು, ಸಾಲ್ಟ್ ರೇಂಜಿನ ಕುರಿತಾದುದು ಸೋತಿತು, ದಖ್ಖನ್ ಕುರಿತಾದುದು ಪರಿಷ್ಕರಣೆಗೊಂಡಿತು. ಕಲ್ಲಾದ ಗಿಡವನ್ನು ಭೂಮಿಯ ಇತಿಹಾಸದ ಸಾಕ್ಷಿಯೆಂದು ಪರಿಗಣಿಸಿ, ಸಸ್ಯವಿಜ್ಞಾನ ಮತ್ತು ಭೂವಿಜ್ಞಾನಗಳನ್ನು ಒಂದುಗೂಡಿಸಿದ ಅವರ ಕ್ರಮವು ಮಾತ್ರ ಭಾರತದಲ್ಲಿ ಈ ಶಾಸ್ತ್ರದ ನಡೆಯನ್ನು ಇಂದಿಗೂ ನಿರ್ದೇಶಿಸುತ್ತಿದೆ.